‘ಕಾರಣ ಬಂದರು’ ಅಂತ ಬರೆಯಬೇಕಾ, ‘ಬಂದರೆಂದು ನಂಬಲಾಗಿದೆ’ ಅಂತ ಬರೆಯಬೇಕಾ?

ನಾಪೋಕ್ಲು_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಮಾಜಶಾಸ್ತ್ರ ಎಂ.ಎ. ಕೊನೆ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮ ಒಕ್ಕದಲ್ಲೇ ನಡೆಯುವ ಕಾರಣಂಗೆ ಕೊಡುವ ಕಾರ್ಯವನ್ನು ತೆಗೆದುಕೊಂಡಿದ್ದೇನೆ. ಕೊಡಗಿನ ಹೊರಗಿನವರಿಗೆ ಒಂದು ಮಾತು. ಒಕ್ಕ ಅಂದರೆ ಒಂದೇ ಮೂಲದ, ಒಂದೇ ಮನೆಹೆಸರಿನ ಸಂಸಾರಗಳೆಲ್ಲ ಸೇರಿದ್ದು. ಕಾರಣ ಅಂದರೆ ಆ ಒಕ್ಕದ ತೀರಿಹೋದ ಹಿರಿಯರು. ವರ್ಷಕ್ಕೊಂದು ಸಲ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲಮನೆಯಲ್ಲಿ, ಎಲ್ಲರೂ ಸೇರಿ ಅವರಿಗೆ ಬಾಳೆ ಎಲೆಯಲ್ಲಿ ಅನ್ನ, ಕೋಳಿ ಸಾರು, ಜೊತೆಗೆ ಬ್ರಾಂದಿ ಇಡುತ್ತೇವೆ. ನಮ್ಮಲ್ಲಿ ರಾತ್ರಿ ತೆರೆಯೂ ಇರುತ್ತದೆ, ಅಂದರೆ ವೇಷ ಕಟ್ಟಿದವರ ಮೈಮೇಲೆ ಕಾರಣ ಬಂದು ಮಾತಾಡುವುದು. ತೆರೆ ಕಟ್ಟುವವರು ನಮ್ಮ ಒಕ್ಕದವರಲ್ಲ, ನಮ್ಮ ಜಾತಿಯವರೂ ಅಲ್ಲ. ತಲೆತಲಾಂತರದಿಂದ ಅವರ ಮನೆಯವರೇ ಬಂದು ಕಟ್ಟುತ್ತಾರೆ.

ಈ ವರ್ಷ ನಾನು ಅಂಗಳದ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೆ. ರಾತ್ರಿ ಎರಡೂವರೆ ಆಗಿತ್ತು. ತೆರೆ ಪಂಜು ಹಿಡಿದು ಮೂರು ಸುತ್ತು ಬಂತು. ಆಮೇಲೆ ಸೀದಾ ನನ್ನ ಮುಂದೆ ಬಂದು ನಿಂತಿತು. ಅರ್ಧ ಕೊಡವ ತಕ್ಕ್, ಅರ್ಧ ಮಲಯಾಳದಲ್ಲಿ ಕೇಳಿತು: “ನನ್ನ ಮನೆ ಲೆಕ್ಕ ನೀನು ಬರೆಯುವುದಾ? ನನ್ನನ್ನು ಕೇಳಿದ್ದೀಯಾ?”

ಪೆನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ. ಸುಮ್ನೆ ಹೇಳುವುದಲ್ಲ, ಕೈ ನಡುಗಿತು. ನಮ್ಮ ಒಕ್ಕದ ಯಜಮಾನರಾದ ಪಟ್ಟೆದಾರರು ಮುಂದೆ ಬಂದು “ಮಕ್ಕಳು, ತಪ್ಪಾಯಿತು” ಅಂದರು. ತೆರೆ ನನ್ನ ತಲೆ ಮೇಲೆ ಅಕ್ಕಿ ಹಾಕಿ ಮುಂದೆ ಹೋಯಿತು. ಅವ್ವ ಅಳುತ್ತಿದ್ದಳು.

ಬೆಳಿಗ್ಗೆ ಇದನ್ನೇ ಮೂರು ರೀತಿ ಬರೆದೆ. ಮೊದಲು “ಕಾರಣ ನನ್ನ ಮುಂದೆ ನಿಂತು ಕೇಳಿದರು” ಅಂತ. ಆಮೇಲೆ “ತೆರೆ ಕಟ್ಟಿದವರು ಕೇಳಿದರು” ಅಂತ. ಕೊನೆಗೆ “ಕಾರಣ ಮೈಮೇಲೆ ಬಂದಿದ್ದಾರೆಂದು ನಂಬಲಾಗುವ ವ್ಯಕ್ತಿಯು ಕೇಳಿದರು” ಅಂತ. ನಮ್ಮ ಗೈಡ್ ಮೊದಲನೆಯದಕ್ಕೆ ಕೆಂಪು ಗೀಟು ಎಳೆದರು. ಮೂರನೆಯದು ಸರಿ ಅಂದರು. ನೀನು ಮನೆಯವಳು, ನಂಬುವವಳು, ಹಾಗಾಗಿ ನಿನ್ನ ಮಾತಿಗೆ ಬೆಲೆ ಇಲ್ಲ, ನಲವತ್ತು ಪ್ರಶ್ನೆಯ ಪ್ರಶ್ನಾವಳಿ ಮಾಡು ಅಂದರು. ಮಾಡಿದೆ. ‘ಕಾರಣರನ್ನು ನಂಬುತ್ತೀರಾ: ಹೌದು, ಇಲ್ಲ, ಸ್ವಲ್ಪ ಮಟ್ಟಿಗೆ.’ ನಮ್ಮ ಅಜ್ಜನ ತಮ್ಮ ಅದನ್ನು ಕನ್ನಡಕ ಏರಿಸಿ ಓದಿ, “ಸ್ವಲ್ಪ ಮಟ್ಟಿಗೆ ಅಂದರೆ ಎಷ್ಟು ಪೆಗ್?” ಅಂತ ಕೇಳಿದರು.

ನನ್ನ ಪ್ರಶ್ನೆ ಇಷ್ಟೇ. ಧರ್ಮವನ್ನು ನೋಡುವುದರಲ್ಲಿ ಮಾನವಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ನಿಜವಾಗಿ ಏನು ವ್ಯತ್ಯಾಸ? ನಂಬಿಕೆಯನ್ನು ಚಪ್ಪಲಿ ಥರ ಹೊರಗೆ ಬಿಟ್ಟು ಒಳಗೆ ಹೋಗಬೇಕಾ? ಮತ್ತೆ ಆ ವಾಕ್ಯ, ಹೇಗೆ ಬರೆಯಲಿ?

ಕಾಳುಮೆಣಸು_64:

ಬರೆಯುವುದೇ ಬೇಡ ಅನ್ನುವವನು ನಾನು. ಎಲ್ಲವೂ ಪರೀಕ್ಷೆ ಮಾರ್ಕಿಗೆ ಅಂತ ಇಲ್ಲ. ಮೊನ್ನೆ ಯಾರೋ ತೆರೆಯ ವಿಡಿಯೋಗೆ ಸಿನಿಮಾ ಹಾಡು ಹಾಕಿ ರೀಲ್ಸ್ ಬಿಟ್ಟಿದ್ದರು. ನೋಡಿ ಹೊಟ್ಟೆ ಉರಿಯಿತು. ಕಾರಣ ಕೇಳಿದ್ದು ಸರಿಯಾಗೇ ಇದೆಯಲ್ಲ, ಕೇಳಿದ್ದೀಯಾ ಅಂತ? ಪಟ್ಟೆದಾರರ ಹತ್ತಿರ ಮೊದಲೇ ಒಂದು ಮಾತು ಕೇಳಿ ನೋಟ್‌ಬುಕ್ ತೆಗೆಯಬೇಕಿತ್ತು. ಕೋಪ ಮಾಡ್ಕೋಬೇಡ ತಂಗಿ. ನನ್ನ ಮಗಳೂ ನಿನ್ನ ವಯಸ್ಸಿನವಳೇ.

ಹಳೇ_ಮೇಷ್ಟ್ರು:

ಮಗಳೇ, ಏಕವಚನದಲ್ಲೇ ಬರೆಯುತ್ತೇನೆ, ವಯಸ್ಸಿನ ಸಲಿಗೆ. ವಿರಾಜಪೇಟೆ ಕಡೆ ಇಪ್ಪತ್ತೆಂಟು ವರ್ಷ ಇದೇ ಪಾಠ ಮಾಡಿದೆ. ಈಗ ಕಾಫಿ ಒಣಗಿಸುತ್ತಾ ಕೂತಿದ್ದೇನೆ, ಮಳೆ ಬಂದರೆ ಎದ್ದು ಓಡಬೇಕು. ಅದಕ್ಕೇ ಉತ್ತರ ಹಿಂದುಮುಂದಾಗಬಹುದು.

ಮೊದಲು ವಾಕ್ಯದ ವಿಷಯ. ‘ನಂಬಲಾಗಿದೆ’ ಅನ್ನುವ ಶಬ್ದ ಕಂಡರೆ ನನಗೆ ಆಗುವುದಿಲ್ಲ. ಯಾರು ನಂಬಿದ್ದು? ಅಲ್ಲಿದ್ದ ಅರವತ್ತು ಜನರಾ? ನಿನ್ನ ಅವ್ವನಾ? ಪೆಗ್ ಲೆಕ್ಕ ಕೇಳಿದ ಅಜ್ಜನಾ? ಅವರೆಲ್ಲ ಒಂದೇ ಥರ ನಂಬುತ್ತಾರಾ? ಆ ಕ್ರಿಯಾಪದ ಎಲ್ಲರನ್ನೂ ಒಂದು ಗೋಣಿಗೆ ಹಾಕಿ ಬಾಯಿ ಕಟ್ಟುತ್ತದೆ. ವಿಜ್ಞಾನದ ಹಾಗೆ ಕೇಳಿಸುತ್ತದೆ ಅಷ್ಟೆ. ನಿಜ ಹೇಳಬೇಕೆಂದರೆ ಅದು ನೋಡದವನು ಬರೆಯುವ ವಾಕ್ಯ.

ಇವಾನ್ಸ್-ಪ್ರಿಚರ್ಡ್ ಅಂತ ಒಬ್ಬ ಇಂಗ್ಲಿಷಿನವನು, ಮಾನವಶಾಸ್ತ್ರದವನು. ಸುಡಾನಿನ ದಕ್ಷಿಣದಲ್ಲಿ ಅಜಾಂಡೆ ಅನ್ನುವ ಜನರ ನಡುವೆ 1920ರ ದಶಕದಲ್ಲಿ ಇದ್ದು ಬಂದು, ಅವರ ಮಾಟದ ಬಗ್ಗೆ 1937ರಲ್ಲಿ ಪುಸ್ತಕ ಬರೆದ. ಮಾಟಗಾರನ ಮಾಟ ರಾತ್ರಿ ಬೆಳಕಾಗಿ ಹಾರಿಹೋಗುತ್ತದೆ ಅಂತ ಆ ಜನ ಹೇಳುತ್ತಿದ್ದರು. ಇವನು ಒಂದು ರಾತ್ರಿ ಟಿಪ್ಪಣಿ ಬರೆದು ಮುಗಿಸಿ, ಮಲಗುವ ಮೊದಲು ಈಟಿ ಹಿಡಿದು ಗುಡಿಸಲ ಹಿಂದಿನ ಬಾಳೆಗಿಡಗಳ ನಡುವೆ ಅಡ್ಡಾಡುತ್ತಿದ್ದ. ಆಗ ಒಂದು ಬೆಳಕು ಅವನ ಆಳುಗಳ ಗುಡಿಸಲ ಹಿಂದಿನಿಂದ ಒಬ್ಬನ ಮನೆ ಕಡೆ ಹೋಗುವುದು ಕಂಡಿತು. ಹಿಂದೆಯೇ ಓಡಿದ, ಸಿಗಲಿಲ್ಲ. ಅದೇ ಬೆಳಿಗ್ಗೆ ಆ ಮನೆಯಲ್ಲಿದ್ದ ಒಬ್ಬ ಮುದುಕ ನೆಂಟ ಸತ್ತ.

ಅವನು ಇದನ್ನು ಹೇಗೆ ಬರೆದ ಗೊತ್ತಾ? ಬೆಳಕು ಕಂಡೆ ಅಂತಲೇ ಬರೆದ. ಸಾವು ಆಯಿತು, ಅಲ್ಲಿಯ ಜನಕ್ಕೆ ಅದರಿಂದ ಬೆಳಕಿನ ಅರ್ಥ ಪೂರ್ತಿ ಸಿಕ್ಕಿತು ಅಂತಲೂ ಬರೆದ. ಆ ಬೆಳಕು ಎಲ್ಲಿಂದ ಬಂತು ಅಂತ ಕೊನೆಗೂ ನನಗೆ ತಿಳಿಯಲಿಲ್ಲ, ಯಾರೋ ಬಯಲಿಗೆ ಹೋಗುವವರು ಹುಲ್ಲು ಹೊತ್ತಿಸಿಕೊಂಡು ಹೋಗಿರಬಹುದು ಅಂತಲೂ ಬರೆದ. ಮೂರೂ ಇದೆ. ಒಂದನ್ನೂ ಅಳಿಸಲಿಲ್ಲ. ನೀನು ಬರೆದ ಮೂರು ವಾಕ್ಯಕ್ಕೂ ಇದೇ ದಾರಿ ನೋಡು.

ಅದೇ ಪುಸ್ತಕದಲ್ಲಿ ಕಣಜದ ಕತೆ ಇದೆ. ಅದನ್ನು ನಾನು ಮೊದಲು ಬರೀ ಪಾಠ ಅಂತ ಓದಿದ್ದೆ. ಅಲ್ಲಿ ಕಾಳಿನ ಕಣಜವನ್ನು ಮರದ ಕಂಬಗಳ ಮೇಲೆ ಕಟ್ಟುತ್ತಾರೆ. ಬಿಸಿಲಿಗೆ ಜನ ಅದರ ಕೆಳಗೆ ನೆರಳಿಗೆ ಕೂರುತ್ತಾರೆ. ಗೆದ್ದಲು ಕಂಬ ತಿಂದು ಒಂದು ದಿನ ಕಣಜ ಬೀಳುತ್ತದೆ. ಗೆದ್ದಲು ತಿಂದಿದ್ದಕ್ಕೆ ಬಿತ್ತು ಅಂತ ಅಜಾಂಡೆಯವರಿಗೂ ಗೊತ್ತು. ಇವರೇ ಕೂತಿದ್ದಾಗ ಯಾಕೆ ಬಿತ್ತು ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಅವರ ಉತ್ತರ ಮಾಟ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಅಕ್ಕಿ ಚೀಟಿ ಬರೆಯುತ್ತಿದ್ದೆ. ಒಬ್ಬ ಹೆಂಗಸು ಬಂದು ಕೂತರು. ವಿಪರೀತ ಮಳೆ, ಗುಡ್ಡ ಕಡಿದದ್ದು, ಎಲ್ಲ ಅವರೇ ನನಗೆ ಹೇಳಿದರು. ಭೂವಿಜ್ಞಾನಿಗಳಿಗಿಂತ ಚೆನ್ನಾಗಿ ಹೇಳಿದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, “ಪಕ್ಕದ ಮನೆ ಹಾಗೇ ಇದೆ ಮೇಷ್ಟ್ರೇ, ನಮ್ಮದು ಮಾತ್ರ ಯಾಕೆ?” ಅಂದರು. ನಾಗನ ಬನದ ಮರ ಕಡಿಸಿದ್ದಕ್ಕಾ ಅಂತ ಅವರಿಗೆ ಸಂಶಯ. ನನ್ನ ಹತ್ತಿರ ಚೀಟಿ ಇತ್ತು, ಉತ್ತರ ಇರಲಿಲ್ಲ. ಅವತ್ತು ಆ ಹೆಂಗಸಿಗೆ ‘ಮೂಢನಂಬಿಕೆ’ ಅಂದಿದ್ದರೆ ನನ್ನಂಥ ಮೂಢ ಇನ್ನೊಬ್ಬ ಇರುತ್ತಿರಲಿಲ್ಲ.

ಸರಿ, ನಿನ್ನ ವ್ಯತ್ಯಾಸದ ಪ್ರಶ್ನೆ. ಸಮಾಜಶಾಸ್ತ್ರದ ದೊಡ್ಡಜ್ಜ ದುರ್ಖೈಮ್ 1912ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಧರ್ಮದ ಬಗ್ಗೆ ದಪ್ಪ ಪುಸ್ತಕ ಬರೆದ. ಆಸ್ಟ್ರೇಲಿಯಾ ನೋಡಿದವನೇ ಅಲ್ಲ. ಬೇರೆಯವರು ಅಲ್ಲಿ ಇದ್ದು ಬರೆದದ್ದನ್ನು ಫ್ರಾನ್ಸಿನಲ್ಲಿ ಕೂತು ಓದಿದ. ಆದರೂ ಅವನ ಮಾತು ಗಟ್ಟಿ. ಜನ ಒಂದೆಡೆ ಸೇರಿದಾಗ ಒಂದು ಕಾವು ಏರುತ್ತದೆ, ಆ ಕಾವಿಗೇ ದೇವರ ಹೆಸರು, ಗುಂಪು ತನ್ನನ್ನೇ ಪೂಜಿಸಿಕೊಳ್ಳುತ್ತದೆ ಅಂದ. ನಿಮ್ಮ ಐನ್‌ಮನೆ ಅಂಗಳವನ್ನು ಅವನಿಗೆ ತೋರಿಸಿದ್ದರೆ ಕುಣಿಯುತ್ತಿದ್ದ. ಬೆಂಗಳೂರಿಂದ ಕಾರು ಮಾಡಿಕೊಂಡು ಬಂದವರು, ವರ್ಷವಿಡೀ ಮಾತು ಬಿಟ್ಟವರು, ಎಲ್ಲರೂ ಒಂದೇ ಪಂಜಿನ ಬೆಳಕಲ್ಲಿ! ಸಮಾಜಶಾಸ್ತ್ರದ ಇನ್ನೊಬ್ಬ ದೊಡ್ಡಜ್ಜ, ಜರ್ಮನಿಯ ವೆಬರ್, ಬೇರೆ ದಿಕ್ಕು. ಈ ಕೆಲಸ ಮಾಡುವವನಿಗೆ ಇದರ ಅರ್ಥ ಏನು ಅಂತ ಅವನು ಹುಡುಕುವವನು.

ಮಾನವಶಾಸ್ತ್ರದವರು ಊರಿಗೇ ಹೋಗಿ ಕೂರುವ ಅಭ್ಯಾಸ ಮಾಡಿಕೊಂಡರು. ಭಾಷೆ ಕಲಿತು, ಅವರದ್ದೇ ಊಟ ಮಾಡಿ, ತಿಂಗಳುಗಟ್ಟಲೆ ಕಾದು ನೋಡುವುದು. ನಮ್ಮ ದೇಶದಲ್ಲಿ ಮಾತ್ರ ಈ ಗೆರೆ ಅಳಿಸಿಹೋಗಿದೆ. ಅಳಿಸಿದವರಲ್ಲಿ ಒಬ್ಬರು ಕೊಡಗಿನ ಮೇಲೇ ಬರೆದವರು, ಮೈಸೂರಿನ ಎಂ.ಎನ್. ಶ್ರೀನಿವಾಸ್. ಬೊಂಬಾಯಿಯಲ್ಲಿ ಸಮಾಜಶಾಸ್ತ್ರದ ಘುರ್ಯೆಯವರ ಶಿಷ್ಯರಾಗಿದ್ದಾಗ 1940ರ ಸುಮಾರಿಗೆ ಇಲ್ಲಿ ಮಾಹಿತಿ ಕೂಡಿಸಿದರು. ಆಮೇಲೆ ಅದನ್ನೇ ಆಕ್ಸ್‌ಫರ್ಡ್‌ಗೆ ಹೊತ್ತುಕೊಂಡು ಹೋದರು. ಅಲ್ಲಿ ಮೊದಲು ರ‍್ಯಾಡ್‌ಕ್ಲಿಫ್-ಬ್ರೌನ್, ಅವರು ನಿವೃತ್ತರಾದ ಮೇಲೆ ನಮ್ಮ ಬಾಳೆತೋಟದ ಇವಾನ್ಸ್-ಪ್ರಿಚರ್ಡ್ ಗುರುಗಳು. ಪುಸ್ತಕ ಬಂದದ್ದು 1952ರಲ್ಲಿ. ‘ಸಂಸ್ಕೃತೀಕರಣ’ ಅಂತ ನೀವೆಲ್ಲ ಪರೀಕ್ಷೆಯಲ್ಲಿ ಬರೆಯುತ್ತೀರಲ್ಲ, ಅದು ಓದುಗರಿಗೆ ಸಿಕ್ಕಿದ್ದು ಅದೇ ಪುಸ್ತಕದಿಂದ. ಕೆಳಗಿನ ಜಾತಿಯವರು ಮಾಂಸ, ಮದ್ಯ ಬಿಟ್ಟು, ಆಚರಣೆ ಬದಲಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲೇರುವುದು. ಹಂದಿ ಕರಿ ಬಿಡದ ಕೊಡವರ ಬಗ್ಗೆ ಬರೆದ ಪುಸ್ತಕದಲ್ಲಿ ಆ ಮಾತು ಬಂತು ಅನ್ನುವುದು ನನಗೆ ಇವತ್ತಿಗೂ ನಗು.

ಆ ಶಿಷ್ಯ ಮುಂದೆ ಬರೋಡಾದಲ್ಲಿ, 1959ರಲ್ಲಿ ದೆಹಲಿಯಲ್ಲಿ ಕಟ್ಟಿದ್ದು ಸಮಾಜಶಾಸ್ತ್ರ ವಿಭಾಗ. ಮಾಡಿಸಿದ್ದು ಹಳ್ಳಿಗೆ ಹೋಗಿ ಕೂರುವ ಕೆಲಸ. ಬೋರ್ಡು ಎರಡು, ಕೋಣೆ ಒಂದೇ.

ಆ ಪುಸ್ತಕದ ಬಗ್ಗೆ ನನ್ನ ತಕರಾರೂ ಇದೆ. ಅದರಲ್ಲಿ ಒಕ್ಕ ಅನ್ನುವುದು ಗಡಿಯಾರದ ಹಾಗೆ ಓಡುತ್ತದೆ. ಪ್ರತಿ ಶಾಸ್ತ್ರವೂ ಒಕ್ಕವನ್ನು ಬಿಗಿ ಮಾಡುವ ಒಂದು ಹಲ್ಲು. ಆ ಕಾಲದ ಆಕ್ಸ್‌ಫರ್ಡ್‌ಗೆ ಹಾಗೆ ಬರೆದರೇ ರುಚಿ. ಜಗಳ ಎಲ್ಲಿ ಹೋಯಿತು? ನಮ್ಮ ಒಕ್ಕಗಳಲ್ಲಿ ಜಗಳಕ್ಕೇನು ಬರವಾ?

ಅದಕ್ಕೇ ನಿನ್ನನ್ನು ಒಂದು ಕೇಳುತ್ತೇನೆ. ತೆರೆ ಹೇಳಿದ್ದು ‘ಮನೆ ಲೆಕ್ಕ’ ಅಂತ. ‘ಮನೆ ಕತೆ’ ಅಂತಲ್ಲ. ಈ ವರ್ಷ ನಿಮ್ಮಲ್ಲಿ ಒಕ್ಕಕ್ಕೆ ತಲೆಮಾರಿನಿಂದ ಬಂದ ಜಮ್ಮಾ ಜಾಗದ್ದೋ ಪಹಣಿಯದ್ದೋ ತಕರಾರು ಏನಾದರೂ ಇತ್ತಾ? ಆ ಮಾತು ನಿನ್ನ ಮುಂದೆ ನಿಂತು ಆಡಿದ್ದು ಸರಿ. ಯಾರ ಕಿವಿಗೆ ಬಿತ್ತು ನೋಡಿದೆಯಾ? ಪ್ರಶ್ನಾವಳಿ ತಪ್ಪಲ್ಲ ಮಗಳೇ. ಎಷ್ಟು ಸಂಸಾರ ಬಂತು, ಯಾರು ದುಡ್ಡು ಮಾತ್ರ ಕಳಿಸಿದರು, ಮದುವೆ ಆಗಿ ಹೋದ ಹೆಣ್ಣುಮಕ್ಕಳು ಎಷ್ಟು ಜನ ಬಂದರು, ಇದನ್ನೆಲ್ಲ ಅದರಲ್ಲಿ ಕೇಳು. ನಂಬಿಕೆಗೆ ಟಿಕ್ ಹಾಕಿಸಬೇಡ.

ಚಪ್ಪಲಿ ಪ್ರಶ್ನೆ ಬಾಕಿ ಉಳಿಯಿತು. ನಂಬಿಕೆ ಹೊರಗೆ ಬಿಡಬೇಕಾಗಿಲ್ಲ. ಇವಾನ್ಸ್-ಪ್ರಿಚರ್ಡ್ 1944ರಲ್ಲಿ ಕ್ಯಾಥೊಲಿಕ್ ಆದ, ಕೆಲಸ ನಿಲ್ಲಲಿಲ್ಲ. ಆದರೆ ಕಾಲಲ್ಲಿ ಚಪ್ಪಲಿ ಇದೆ ಅಂತ ಓದುವವರಿಗೆ ಹೇಳಿಬಿಡು. ಕೈ ನಡುಗಿತು ಅಂತ ಇಲ್ಲಿ ಬರೆದೆಯಲ್ಲ, ಪ್ರಾಜೆಕ್ಟ್‌ನಲ್ಲೂ ಬರಿ. ಮೋಡ ಆಯಿತು, ಎದ್ದೆ.

ತಿತಿಮತಿ_ಹುಡುಗ:

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ. ನನ್ನದೂ ಒಂದು ತಕರಾರು ಸೇರಿಸಿಕೊಳ್ಳಿ. ಕೊಡಗಿನ ಧರ್ಮ ಅಂತ ಯಾರು ಬಂದರೂ ಐನ್‌ಮನೆಗೇ ಹೋಗುತ್ತಾರೆ. ಕಾಡಂಚಿನ ನಮ್ಮ ಆದಿವಾಸಿ ಹಾಡಿಗೆ ಬರುವುದು ಮೇ ತಿಂಗಳಲ್ಲಿ, ಕುಂಡೆ ಹಬ್ಬಕ್ಕೆ, ಕ್ಯಾಮೆರಾ ಹಿಡಿದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೇವರಪುರದಲ್ಲಿ ನಮ್ಮವರು ಹೆಣ್ಣುವೇಷ ಹಾಕಿ, ಮುಖಕ್ಕೆ ಬಣ್ಣ ಬಳಿದು, ಡಬ್ಬ, ಸೋರೆಬುರುಡೆ ಬಡಿದುಕೊಂಡು ಅಂಗಡಿ ಅಂಗಡಿಗೆ, ಬಸ್ಸಿಗೆ ಹತ್ತಿ ಬೈದು ದುಡ್ಡು ಕೇಳುತ್ತಾರೆ. ದೇವರಿಗೂ ಬೈಗುಳ. ಅಯ್ಯಪ್ಪ ನಮ್ಮವರನ್ನು ಬೇಟೆಗೆ ಅಂತ ಕರೆದುಕೊಂಡು ಹೋಗಿ, ಭದ್ರಕಾಳಿಯನ್ನು ಕಂಡದ್ದೇ ತಡ, ನಡುಕಾಡಿನಲ್ಲಿ ನಮ್ಮನ್ನು ಬಿಟ್ಟುಹೋದನಂತೆ. ಆ ಸಿಟ್ಟು ಇದು.

ಕಾಲೇಜಿನಲ್ಲಿ ಒಬ್ಬ ಮೇಡಂ ಗ್ಲಕ್‌ಮನ್ ಅನ್ನುವ ಮಾನವಶಾಸ್ತ್ರದವರ ವಾದ ಹೇಳಿದರು. ಆಫ್ರಿಕಾದಲ್ಲಿ ರಾಜನಿಗೇ ಬೈಯುವ ಹಬ್ಬಗಳಿವೆಯಂತೆ. ಹಾಗೆ ಬೈದು ಹಗುರಾದ ಮೇಲೆ ಜನ ಅದೇ ರಾಜನ ಕೆಳಗೆ ಇನ್ನೂ ಚೆನ್ನಾಗಿ ಇರುತ್ತಾರಂತೆ. ಕುಕ್ಕರ್ ಸೀಟಿ ಹೊಡೆದ ಹಾಗೆ. ಕೇಳುವಾಗ ಸರಿ ಅನ್ನಿಸಿತು. ಒಂದು ದಿನ ಬೈಗುಳ, ಮಿಕ್ಕ ದಿನ ಕೂಲಿಯವರ ಲೈನ್ ಮನೆ, ಎಸ್ಟೇಟ್ ಕೆಲಸ. ಮನೆಗೆ ಬಂದು ನಮ್ಮ ಮಾವನಿಗೆ ಹೇಳಿದೆ. ಮಾವ ಬೀಡಿ ಆರಿಸಿ, “ನನಗೇನೂ ಹಗುರ ಆಗುವುದಿಲ್ಲ. ಮರುದಿನವೂ ಸಿಟ್ಟೇ ಇರುತ್ತದೆ” ಅಂದರು.

ಈ ಮಾತು ಗ್ಲಕ್‌ಮನ್ ಲೆಕ್ಕದಲ್ಲಿ ಎಲ್ಲಿ ಸೇರುತ್ತದೆ, ಗೊತ್ತಾಗಲಿಲ್ಲ. ಮೇಡಂಗೂ ಹೇಳಿದೆ. ಇಂಟರ್ನಲ್ಸ್‌ಗೆ ಬರುವುದಿಲ್ಲ ಬಿಡು ಅಂದರು.

ಅಕ್ಕಾ, ನಿಮ್ಮ ಮೂರು ವಾಕ್ಯದಲ್ಲೂ ತೆರೆ ಕಟ್ಟಿದವರು ಬರೀ ಬಾಯಿ. ಅವರ ಮನೆಗೆ ಹೋಗಿದ್ದೀರಾ? ಅವರು ಎಷ್ಟು ದಿನ ವ್ರತ ಇರುತ್ತಾರೆ, ಏನು ಕೊಡುತ್ತೀರಿ, ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಅವರಿಗೆ ಕಾಫಿ ಎಲ್ಲಿ ಕೊಡುತ್ತೀರಿ, ಒಳಗಾ ಜಗಲಿಯಲ್ಲಾ? ರಾತ್ರಿ ಪಟ್ಟೆದಾರರೇ ಅವರಿಗೆ ತಲೆ ಬಾಗುತ್ತಾರಲ್ಲ, ಬೆಳಿಗ್ಗೆ ಏನಾಗುತ್ತದೆ? ನಾನಾದರೆ ಅದನ್ನು ಬರೆಯುತ್ತಿದ್ದೆ.

ಹಳೇ_ಮೇಷ್ಟ್ರು:

ಈ ಹುಡುಗನ ಪ್ರಶ್ನೆ ನನಗೆ ಹೊಳೆಯಬೇಕಿತ್ತು. ಇಪ್ಪತ್ತೆಂಟು ವರ್ಷ ಪಾಠ ಮಾಡಿ ಏನು ಬಂತು!

ನಾಪೋಕ್ಲು_ಹುಡುಗಿ (ಎರಡು ವಾರದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಕಾಳುಮೆಣಸು ಅಂಕಲ್, ಪಟ್ಟೆದಾರರ ಹತ್ತಿರ ಹೋಗಿ ಕೇಳಿದೆ. ಹೆಸರು ಹಾಕಬೇಡ, ಫೋಟೋ ಬೇಡ, ಮಿಕ್ಕಿದ್ದು ಬರಿ ಅಂದರು.

ಮೇಷ್ಟ್ರೇ, ನೀವು ಹೇಗೆ ಊಹಿಸಿದಿರೋ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಸರ್ವೆಯವರು ಬಂದಿದ್ದರಂತೆ. ದೊಡ್ಡಪ್ಪಂದಿರ ಮಧ್ಯೆ ಒಂದು ಗದ್ದೆಯ ವಿಷಯದಲ್ಲಿ ಮಾತು ನಿಂತಿತ್ತು. ಒಬ್ಬರು ಹಳೇ ಲೆಕ್ಕದ ಪುಸ್ತಕ ಇಟ್ಟುಕೊಂಡು ಕೊಡುತ್ತಿರಲಿಲ್ಲ. ಆ ರಾತ್ರಿ ಅವರು ನನ್ನ ಹಿಂದೆ ಜಗಲಿ ಕಂಬಕ್ಕೆ ಒರಗಿ ನಿಂತಿದ್ದರು ಅಂತ ಈಗ ಅವ್ವ ಹೇಳಿದಳು. ನಾನು ತಿರುಗಿ ನೋಡಿರಲೇ ಇಲ್ಲ. ಪುಸ್ತಕ ಮರುವಾರ ಪಟ್ಟೆದಾರರ ಮನೆ ತಲುಪಿದೆ. ಯಾಕೆ ಅಂತ ಯಾರೂ ಯಾರನ್ನೂ ಕೇಳಿಲ್ಲ.

ತಿತಿಮತಿ ತಮ್ಮ, ತೆರೆ ಕಟ್ಟುವವರ ಮನೆಗೂ ಹೋಗಿದ್ದೆ. ಹುಟ್ಟಿದಂದಿನಿಂದ ನೋಡಿದ ಮನುಷ್ಯ, ಮನೆ ನೋಡಿದ್ದು ಮೊದಲ ಸಲ. ನಮ್ಮ ಅಂಗಳದಿಂದ ಇಪ್ಪತ್ತು ನಿಮಿಷದ ದಾರಿ. ತಲೆಗೆ ಕಟ್ಟುವ ಅಣಿಯನ್ನು ಅಟ್ಟದಲ್ಲಿ, ಇಲಿ ಕಡಿಯದ ಹಾಗೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕಾಫಿ ಕೊಟ್ಟರು. ನಮ್ಮಲ್ಲಿ ಅವರಿಗೆ ಕೊಡುವುದು ಜಗಲಿಯಲ್ಲೇ, ಬೇರೆ ಲೋಟದಲ್ಲಿ. ಅದನ್ನೂ ಬರೆದಿದ್ದೇನೆ. ಬರೆಯುವಾಗ ಖುಷಿಯಾಗಲಿಲ್ಲ.

ಕೊನೆಗೆ ಕೇಳಿಯೇಬಿಟ್ಟೆ, ಆ ದಿನ ನಾನು ಬರೆಯುವ ವಿಷಯ ಕೇಳಿದ್ದು ಯಾರು ಅಂತ. ಅವರು ಹೆಂಡತಿಯ ಮುಖ ನೋಡಿದರು. “ಏನು ಕೇಳಿದೆ ಅಂತ ಇವಳು ಮರುದಿನ ಹೇಳಿದ್ದು. ನನಗೆ ನೆನಪಿರುವುದು ಇಷ್ಟೇ, ನೀವು ಹೊಗೆ ಬರುವ ಕಡೆ ಕೂತಿದ್ದಿರಿ. ಮುಂದಿನ ವರ್ಷ ಬಾವಿ ಕಡೆ ಕೂತ್ಕೊಳ್ಳಿ” ಅಂದರು.

ಈಗ ನನ್ನ ವಾಕ್ಯ ಹೀಗಿದೆ: “ಕಾರಣ ನನ್ನ ಮುಂದೆ ನಿಂತು, ನನ್ನ ಮನೆ ಲೆಕ್ಕ ನೀನು ಬರೆಯುವುದಾ ಎಂದು ಕೇಳಿದರು. ನನ್ನ ಕೈ ನಡುಗಿತು. ತೆರೆ ಕಟ್ಟಿದವರಿಗೆ ಈ ಮಾತು ನೆನಪಿಲ್ಲ. ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರ ಬಳಿ ಆಗ ಒಕ್ಕದ ಲೆಕ್ಕದ ಪುಸ್ತಕ ಇತ್ತು.” ಗೈಡ್‌ಗೆ ಕೊಟ್ಟೆ. ಎರಡು ಸಲ ಓದಿದರು. ಗೀಟು ಎಳೆಯಲಿಲ್ಲ. ಪಕ್ಕದಲ್ಲಿ ‘ಸ್ಯಾಂಪಲ್ ಸೈಜ್ ಎಷ್ಟು?’ ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಏನು ಹೇಳಲಿ ಮೇಷ್ಟ್ರೇ?

ಹಳೇ_ಮೇಷ್ಟ್ರು:

ಎಷ್ಟು ಜನರ ಹತ್ತಿರ ಕೂತು ಮಾತಾಡಿದ್ದೀಯೋ ಅಷ್ಟು ಬರಿ. ಹನ್ನೊಂದಾದರೆ ಹನ್ನೊಂದು. ಮತ್ತೆ ಆ ನೋಟ್‌ಬುಕ್ಕಿನ ಫೋಟೋ ತೆಗೆದು ಇನ್ನೊಂದು ಕಡೆ ಇಡು. 1970ರಲ್ಲಿ ಅಮೆರಿಕಾದ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸರ ಕೋಣೆಗೆ ಬೆಂಕಿ ಬಿದ್ದಾಗ, ಅವರು ವಿಂಗಡಿಸಿಟ್ಟ ಟಿಪ್ಪಣಿಯ ಮೂರು ಪ್ರತಿಯೂ ಅದೇ ಜಾಗದಲ್ಲಿತ್ತು.